ಎಲೆಯೋ, ಎಲೆ ಹೋದ ಜಾಗವೋ

ಪುಟ್ಟಿ,

ನೀನು ಕಳಿಸಿದ ಫೋಟೊ ನೋಡಿದೆ. ಹಾಸ್ಟೆಲ್ ಗೋಡೆಯ ಮೇಲೆ ಫ್ರಾನ್ಸಿನ ಚಿತ್ರಕಾರ ಮಾತಿಸ್‌ನ ‘ಲಗೂನ್’ ಪ್ರಿಂಟ್ ತುಂಬಾ ಚೆನ್ನಾಗಿ ಕಾಣುತ್ತಿದೆ. ಬಂದವರೆಲ್ಲ ‘ಇದೇನಿದು’ ಅಂತ ಕೇಳ್ತಾರೆ, ಏನು ಹೇಳಲಿ ಅಮ್ಮ ಅಂದೆಯಲ್ಲ, ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲಗೂನ್ ಅಂದರೆ ಹವಳದ ದಿಬ್ಬದ ಒಳಗೆ ನಿಂತ ಸಮುದ್ರದ ತಿಳಿನೀರು. 1930ರಲ್ಲಿ ಮಾತಿಸ್ ತಾಹಿತಿ ದ್ವೀಪಕ್ಕೆ ಹೋಗಿ ಆ ನೀರು ನೋಡಿದ್ದ. ಅಲ್ಲಿ ಹೆಚ್ಚೇನೂ ಬಿಡಿಸಲಿಲ್ಲ. 1941ರಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆಯಿತು. ಎಪ್ಪತ್ತು ದಾಟಿದ ವಯಸ್ಸು, ಹೆಚ್ಚು ಹೊತ್ತು ನಿಲ್ಲಲು ಆಗದು. ಆಗ ಕತ್ತರಿ ಹಿಡಿದ. ಸಹಾಯಕರು ಕಾಗದಕ್ಕೆ ದಟ್ಟ ಬಣ್ಣ ಬಳಿದು ಕೊಡುತ್ತಿದ್ದರು, ಆತ ಅದರಲ್ಲಿ ಆಕಾರ ಕತ್ತರಿಸಿ ಚಿತ್ರ ಜೋಡಿಸುತ್ತಿದ್ದ. ಅಷ್ಟು ವರ್ಷ ಒಳಗೇ ಇದ್ದ ಆ ನೀರು ಆಗ ಹೊರಗೆ ಬಂತು ಅಂತ ನನಗನ್ನಿಸುತ್ತದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಕತ್ತರಿ. ಇಷ್ಟು ವರ್ಷ ಬ್ಲೌಸ್ ಹೊಲಿದರೂ ಚಾಕ್‌ಪೀಸಿನಲ್ಲಿ ಗೆರೆ ಹಾಕದೆ ಬಟ್ಟೆಗೆ ಕತ್ತರಿ ಇಡುವ ಧೈರ್ಯ ನನಗಿಲ್ಲ. ಆತ ಗೆರೆ ಎಳೆಯದೆ ನೇರ ಬಣ್ಣದೊಳಕ್ಕೇ ಕತ್ತರಿ ಬಿಡುತ್ತಿದ್ದ. ಪಾಚಿಯ ಹಾಗೆ ಬೆರಳು ಬಿಟ್ಟ ಆಕಾರಗಳ ಅಂಚನ್ನು ಹತ್ತಿರದಿಂದ ನೋಡು. ಕತ್ತರಿ ಎಲ್ಲಿ ಸಲೀಸಾಗಿ ಓಡಿದೆ, ಎಲ್ಲಿ ತಿರುಗಿದೆ, ಎಲ್ಲಾ ಗೊತ್ತಾಗುತ್ತದೆ. ಆತ ಬೆಳೆದದ್ದು ನೇಕಾರರ ಊರಿನಲ್ಲಂತೆ. ಅದು ತಿಳಿದಾಗ ಯಾಕೋ ತುಂಬಾ ಖುಷಿಯಾಯಿತು.

ಆಮೇಲೆ ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು ಕೊರೆದು, ಕೈಯಲ್ಲೇ ಬಣ್ಣ ತುಂಬಿ ಮುದ್ರಿಸಿದರು. 1947ರಲ್ಲಿ ಬಂದ ಆತನ ‘ಜಾಝ್’ ಪುಸ್ತಕದ ಇಪ್ಪತ್ತು ಚಿತ್ರಗಳಲ್ಲಿ ಲಗೂನ್ ಹೆಸರಿನವೇ ಮೂರು.

ಆದ್ದರಿಂದ ‘ಇದು ಎಲೆ, ಇದು ಮೀನು’ ಅಂತ ಯಾರಿಗೂ ಬಿಡಿಸಿ ಹೇಳಬೇಡ. ಒಂದು ಬಣ್ಣ ಇನ್ನೊಂದನ್ನು ಮುಟ್ಟುವ ಜಾಗ ತೋರಿಸು. ಅಲ್ಲಿರುವುದು ಎಲೆಯೋ, ಎಲೆ ಕತ್ತರಿಸಿ ತೆಗೆದ ಜಾಗವೋ? ಒಂದು ಕ್ಷಣ ಹಾಗೆ, ಒಂದು ಕ್ಷಣ ಹೀಗೆ ಕಾಣುತ್ತದೆ ಅಲ್ವಾ? ನೀರಿನೊಳಗೆ ಕಣ್ಣು ಬಿಟ್ಟರೂ ಹಾಗೇ ಕಾಣುವುದು.

ನಿನ್ನ ಹಸಿರು ಲಂಗದ ಬ್ಲೌಸ್ ನಿನ್ನೆ ಕತ್ತರಿಸಿದೆ. ಕಂಕುಳ ಬಾಗು ತೆಗೆದ ತುಂಡು ಇನ್ನೂ ಮೇಜಿನ ಮೇಲಿದೆ. ಗುಡಿಸಿ ಹಾಕಲು ಮನಸ್ಸಾಗಲಿಲ್ಲ. ಪತ್ರದ ಜೊತೆ ಇಟ್ಟಿದ್ದೇನೆ, ಪ್ರಿಂಟಿನ ಪಕ್ಕ ಅಂಟಿಸಿ ನೋಡು.

ನಿನ್ನ,
ಅಮ್ಮ