ತಪ್ಪು ಲಾರಿಯದು, ಬೋನಸ್ ಕಳೆದುಕೊಂಡವರು ನಾವು

ಮಾನ್ಯ ಸಂಪಾದಕರೇ,

ನೆಲಮಂಗಲ ಸಮೀಪದ ಟೋಲ್‌ನಲ್ಲಿ ಸರತಿಯಲ್ಲಿ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಬಂದ ಸರಕು ಲಾರಿಯೊಂದು ಗುದ್ದಿ, ಮುಂದಿದ್ದ ಬಸ್ಸಿನ ಅಡಿಗೆ ಅದನ್ನು ತಳ್ಳಿತು. ಒಳಗಿದ್ದ ಮೂವರೂ ಸಣ್ಣಪುಟ್ಟ ಗಾಯಗಳಲ್ಲಿ ಪಾರಾದೆವು. ಲಾರಿ ಚಾಲಕನ ಅಜಾಗರೂಕತೆಯೇ ಕಾರಣವೆಂದು ಪೊಲೀಸರ ದೋಷಾರೋಪ ಪಟ್ಟಿಯಲ್ಲಿ ಸ್ಪಷ್ಟವಾಗಿದೆ. ಆದರೂ ಆ ಬಳಿಕ ನಡೆದ ವಿಮೆಯ ವ್ಯವಹಾರದಲ್ಲಿ ನಷ್ಟದ ದೊಡ್ಡ ಪಾಲು ನಮ್ಮ ತಲೆಗೇ ಬಂದಿದೆ.

ದುರಸ್ತಿ ವೆಚ್ಚವು ಐಡಿವಿ, ಅಂದರೆ ಪಾಲಿಸಿಯಲ್ಲಿ ನಮೂದಾದ ಕಾರಿನ ಮೌಲ್ಯದ ಶೇ 75ನ್ನು ಮೀರಿದರೆ ಕಾರನ್ನು ‘ಟೋಟಲ್ ಲಾಸ್’ (ಪೂರ್ಣ ನಷ್ಟ) ಎಂದು ಪರಿಗಣಿಸಿ, ದುರಸ್ತಿಯ ಬದಲು ಆ ಮೌಲ್ಯವನ್ನೇ ಕೊಡುವುದು ಪದ್ಧತಿ; ನಮ್ಮ ಕಾರಿಗೂ ಹಾಗೆಯೇ ಆಯಿತು. ಎಂಟು ಲಕ್ಷ ರೂಪಾಯಿಯ ನಮ್ಮ ಕಾರಿಗೆ ಮೂರು ವರ್ಷ ತುಂಬಿದ್ದರಿಂದ ಶೇ 40ರಷ್ಟು ಸವಕಳಿ ಕಳೆದು ಐಡಿವಿ ₹4.80 ಲಕ್ಷಕ್ಕೆ ಇಳಿದಿತ್ತು. ಖರೀದಿಸುವಾಗ ಶೇ 14ರ ದರದಲ್ಲಿ ಕಟ್ಟಿದ್ದ ₹1.12 ಲಕ್ಷ ಆಜೀವ ತೆರಿಗೆಯಾಗಲಿ, ನೋಂದಣಿ ಶುಲ್ಕವಾಗಲಿ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಬರಬೇಕಾದರೆ ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಹೆಚ್ಚುವರಿ ರಕ್ಷಣೆಗೆ ಮೊದಲೇ ಹಣ ಕಟ್ಟಿರಬೇಕಿತ್ತು. ಬಂದ ಮೊತ್ತದಲ್ಲೂ ಸಾಲದ ಬಾಕಿಯನ್ನು ಬ್ಯಾಂಕು ಮೊದಲು ಮುರಿದುಕೊಂಡಿತು. ಇಷ್ಟನ್ನು ನಿಯಮವೆಂದು ಒಪ್ಪಿಕೊಂಡೆವು.

ಒಪ್ಪಲಾಗದ್ದು ಬೋನಸ್ಸಿನ ವಿಷಯ. ಮೂರು ವರ್ಷ ಒಂದೂ ಕ್ಲೇಮ್ ಮಾಡದೆ ಗಳಿಸಿದ್ದ ಶೇ 35ರ ‘ನೋ ಕ್ಲೇಮ್ ಬೋನಸ್’, ಅಂದರೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ, ಈ ಒಂದೇ ಕ್ಲೇಮಿನಿಂದ ಸೊನ್ನೆಯಾಯಿತು. ಹೆಸರೇ ಹೇಳುವಂತೆ ಅದು ತಪ್ಪು ಮಾಡದಿದ್ದಕ್ಕೆ ಸಿಗುವ ಬೋನಸ್ ಅಲ್ಲ, ಹಣ ಕೇಳದಿದ್ದಕ್ಕೆ ಸಿಗುವ ಬೋನಸ್ ಎಂದು ಕಂಪನಿಯ ಅಧಿಕಾರಿ ನಗುತ್ತಲೇ ವಿವರಿಸಿದರು. ಪರಿಹಾರ ಕೊಟ್ಟ ಕಂಪನಿಗೆ ನಮ್ಮ ಪರವಾಗಿ ಲಾರಿಯ ಕಡೆಯವರಿಂದ ಆ ಹಣವನ್ನು ವಸೂಲು ಮಾಡುವ ಹಕ್ಕು ಇದೆ. ಅದಕ್ಕೆಂದೇ ನಮ್ಮಿಂದ ಸಹಿಯನ್ನೂ ಪಡೆಯುತ್ತಾರೆ. ಹೀಗೆ ವಸೂಲಾದರೂ ನಮ್ಮ ಬೋನಸ್ ಮರಳುವುದಿಲ್ಲವೆಂದರೆ ಇದಾವ ನ್ಯಾಯ?

ಇನ್ನೊಂದು ಸಂಗತಿಯನ್ನು ನಮಗೆ ಯಾರೂ ತಾವಾಗಿ ಹೇಳಲಿಲ್ಲ. ಗುದ್ದಿದ ವಾಹನದ ಥರ್ಡ್ ಪಾರ್ಟಿ ವಿಮೆಯು, ಅಂದರೆ ಆ ವಾಹನದಿಂದ ಇತರರಿಗಾದ ಹಾನಿಯನ್ನು ತುಂಬುವ ವಿಮೆಯು, ಗಾಯ, ಸಾವುಗಳಿಗೆ ಮಾತ್ರವಲ್ಲದೆ ಆಸ್ತಿ ಹಾನಿಗೂ ಅನ್ವಯಿಸುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಅದರ ಮಿತಿ ₹7.5 ಲಕ್ಷ. ನಮ್ಮ ವಿಮೆಯಿಂದ ತುಂಬದೆ ಉಳಿದ ನಷ್ಟಕ್ಕಾಗಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೊರೆ ಹೋಗಬಹುದು. ಆದರೆ 2019ರ ತಿದ್ದುಪಡಿಯು ಅರ್ಜಿಗೆ ಅಪಘಾತದ ದಿನದಿಂದ ಆರೇ ತಿಂಗಳ ಗಡುವನ್ನು ವಿಧಿಸಿದ್ದು, ಅದು 2022ರ ಏಪ್ರಿಲ್ 1ರಂದು ಜಾರಿಗೆ ಬಂತು. ಸರ್ವೇಯರ್ ವರದಿ, ಬ್ಯಾಂಕಿನ ಪತ್ರ, ಗ್ಯಾರೇಜಿನ ಅಂದಾಜು ಎಂದು ಓಡಾಡುವಷ್ಟರಲ್ಲಿ ನಮಗೆ ನಾಲ್ಕು ತಿಂಗಳು ಕಳೆದಿದ್ದವು. ‘ಪೂರ್ಣ ಹಾಗೂ ಅಂತಿಮ ಪರಿಹಾರ’ ಎಂಬ ಒಕ್ಕಣೆಯಿರುವ ಚೀಟಿಗೆ ಓದದೆ ಸಹಿ ಹಾಕಿದರೆ ಈ ದಾರಿಯಲ್ಲೂ ತಕರಾರು ಎದುರಾಗಬಹುದೆಂದು ವಕೀಲರು ಎಚ್ಚರಿಸಿದರು.

ಗುಜರಿಯ ಪ್ರಸಂಗವಂತೂ ಇನ್ನೂ ವಿಚಿತ್ರ. ನುಜ್ಜುಗುಜ್ಜಾದ ಕಾರನ್ನು ಕೊಳ್ಳಲು ಬಂದಾತ ಮೂಲ ಆರ್‌ಸಿಯನ್ನೂ ಕೇಳಿದ. ವಾಹನ ನಾಶವಾದರೆ 14 ದಿನಗಳಲ್ಲಿ ಆರ್‌ಟಿಒ ಕಚೇರಿಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆನ್ನುತ್ತದೆ ಮೋಟಾರು ವಾಹನ ಕಾಯ್ದೆಯ 55ನೇ ಕಲಮು. ಅದೇ ಆರ್‌ಸಿ ನಾಳೆ ಕದ್ದ ಕಾರೊಂದಕ್ಕೆ ಅಂಟಿಕೊಂಡರೆ ಪೊಲೀಸರು ಬಂದು ನಿಲ್ಲುವುದು ನಮ್ಮ ಮನೆ ಬಾಗಿಲಿಗೆ.

ದೋಷಾರೋಪ ಪಟ್ಟಿಯಲ್ಲಿ ಗುದ್ದಿದ ವಾಹನದ ಚಾಲಕನ ತಪ್ಪು ದಾಖಲಾಗಿರುವ ಪ್ರಕರಣಗಳಲ್ಲಿ ಬೋನಸ್ ಕಡಿತ ಮಾಡದಂತೆ ವಿಮಾ ನಿಯಂತ್ರಣ ಪ್ರಾಧಿಕಾರವು ಕಂಪನಿಗಳಿಗೆ ಸೂಚಿಸಬೇಕು. ಥರ್ಡ್ ಪಾರ್ಟಿ ಆಸ್ತಿ ಹಾನಿಯ ಹಕ್ಕನ್ನೂ ಅದರ ಗಡುವನ್ನೂ ಕ್ಲೇಮ್ ನೋಂದಣಿಯ ದಿನವೇ ಕನ್ನಡದಲ್ಲಿ ಬರೆದು ಕೊಡುವುದು ಕಡ್ಡಾಯವಾಗಬೇಕು.

– ನಿವೃತ್ತ ಶಿಕ್ಷಕ, ತುಮಕೂರು