ಜುಲೈ 13ರ ಸಂಜೆ ಡರ್ಬಿ ನೆನಪಿಗೆ ಎಲ್ಲರೂ ಬನ್ನಿ

ಎಲ್ಲರಿಗೂ ನಮಸ್ಕಾರ.

1997ರ ಫೆಡರೇಷನ್ ಕಪ್ ಫುಟ್‌ಬಾಲ್ ಸೆಮಿಫೈನಲ್ ಡರ್ಬಿ (ಒಂದೇ ಊರಿನ ಎರಡು ತಂಡಗಳ ಪಂದ್ಯ) ನೆನಪಿಗೆ ಜುಲೈ 13ರ ಸಂಜೆ 5ಕ್ಕೆ ಪಿ.ಜೆ. ಬಡಾವಣೆಯ ನಮ್ಮ ಮನೆ ಮಹಡಿಯಲ್ಲಿ ಸೇರೋಣ. ಮಳೆ ಬಂದರೆ ಕೆಳಗಿನ ಹಾಲ್‌ನಲ್ಲಿ.

ಹೊಸ ಹುಡುಗರಿಗಾಗಿ ಹೇಳ್ತೀನಿ. ಅವತ್ತು ಕಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 1.31 ಲಕ್ಷಕ್ಕೂ ಹೆಚ್ಚು ಜನ. ಕೋಚ್ ಅಮಲ್ ದತ್ತ ಅವರ ಡೈಮಂಡ್ ಪದ್ಧತಿ (ಆಟಗಾರರನ್ನು ವಜ್ರದಾಕಾರದಲ್ಲಿ ನಿಲ್ಲಿಸುವ ತಂತ್ರ) ನೆಚ್ಚಿಕೊಂಡು ಆಡುತ್ತಿದ್ದ ಮೋಹನ್ ಬಾಗಾನ್ ಒಂದು ಕಡೆ, ಪಿ.ಕೆ. ಬ್ಯಾನರ್ಜಿ ತರಬೇತಿಯ ಈಸ್ಟ್ ಬೆಂಗಾಲ್ ಇನ್ನೊಂದು ಕಡೆ. ಬೈಚುಂಗ್ ಭುಟಿಯಾ ಒಬ್ಬರೇ ಮೂರು ಗೋಲು ಹೊಡೆದರು, ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಫೈನಲ್‌ನಲ್ಲಿ ಗೋವಾದ ಸಾಲ್ಗಾಂವ್ಕರ್ ತಂಡ ಕಪ್ ಎತ್ತಿಕೊಂಡು ಹೋಯ್ತು, ನಿಜ. ಆದರೂ ನನ್ನ ಮಟ್ಟಿಗೆ ನಮ್ಮ ದೇಶದ ಡರ್ಬಿಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಬಾಗಾನ್ ಕಡೆಯ ಅಣ್ಣಂದಿರು ವಾದಕ್ಕೆ ತಯಾರಾಗೇ ಬನ್ನಿ, ನೀವಿಲ್ಲದೆ ಸಂಜೆ ಪೂರ್ತಿ ಆಗಲ್ಲ.

ಹಳೇ ಪೇಪರ್ ಕಟಿಂಗ್ ಇದ್ದವರು ದಯವಿಟ್ಟು ತನ್ನಿ. ಮಡಿಕೆ ಹರಿದಿದ್ದರೆ ಟೇಪ್ ಅಂಟಿಸಬೇಡಿ, ಅಕ್ಷರ ಕಿತ್ತು ಬರುತ್ತೆ. ಹಾಗೇ ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು ತನ್ನಿ, ಇಲ್ಲೇ ಫೋಟೊ ತೆಗೆದು ವಾಪಸ್ ಕೊಡ್ತೀವಿ. ಬರಲಾಗದ ಹಿರಿಯರು ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರೆ ಅಲ್ಲಿ ಎಲ್ಲರಿಗೂ ಕೇಳಿಸೋಣ. 12ರವರೆಗೆ ಗುಂಪಿನಲ್ಲಿ ಬೇರೆ ಫಾರ್ವರ್ಡ್ ಬೇಡ, ನೆನಪುಗಳು ಕೆಳಗೆ ಹೋಗಿಬಿಡ್ತವೆ.

ಮಂಡಕ್ಕಿ, ಮಿರ್ಚಿ, ಟೀ ನಮ್ಮದು. ಚಿತ್ರದುರ್ಗದಿಂದ ಬರುವವರು ಬಸ್ ಹತ್ತಿದ ಮೇಲೆ ಒಂದು ಮೆಸೇಜ್ ಹಾಕಿ, ಬಸ್ ಸ್ಟ್ಯಾಂಡಿಗೆ ಬೈಕ್ ಕಳಿಸ್ತೀವಿ. ಎಷ್ಟು ಜನ ಬರ್ತೀರಿ ಅಂತ 10ನೇ ತಾರೀಖಿನೊಳಗೆ ಇಲ್ಲೇ ತಿಳಿಸಿ.