ಚರ್ಚಲ್ಲಿ ಗಿಟಾರ್ ಇರ್ಲಿ, ಶ್ರುತಿ ಸ್ವಲ್ಪ ಇಳಿಸಿ

ಸಂಪಾದಕರೇ,

ಆರಾಧನೆಗೆ ಡ್ರಮ್ಸು, ಗಿಟಾರು, ರ‍್ಯಾಪು ಎಲ್ಲ ತರ್ತಿದಾರೆ, ಇದು ಲೋಕದ ಸಂಗೀತ, ದೇವರ ಮಂದಿರಕ್ಕೆ ಸಲ್ಲದು ಅಂತ ಹಿರಿಯರೊಬ್ರು ಬರೆದ ಪತ್ರ ಓದ್ದೆ. ನಾನೂ ಹಿರಿಯನೇ, ಮೂವತ್ತು ವರ್ಷ ಚರ್ಚಲ್ಲಿ ಹಾರ್ಮೋನಿಯಂ ಬಾರಿಸಿದವನು, ಆದ್ರೂ ಒಪ್ಪಕ್ಕಾಗ್ಲಿಲ್ಲ.

ಈ ಹಾರ್ಮೋನಿಯಂ ಯಾವೂರ್ದು ಹೇಳಿ? 1842ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಆಗಿದ್ದು, ಹಡಗು ಹತ್ತಿ ಇಲ್ಲಿಗೆ ಬಂತು, ನೆಲದ ಮೇಲೆ ಕೂತು ಒಂದು ಕೈಲಿ ತಿದಿ ಒತ್ತೋ ಹಾಗೆ ನಮ್ಮವ್ರು ಬದಲಾಯಿಸ್ಕೊಂಡ್ರು, ಆಕಾಶವಾಣಿಯವ್ರಂತೂ 1940ರಿಂದ ಮೂವತ್ತು ವರ್ಷ ಅದನ್ನ ಒಳಗೇ ಬಿಟ್ಕೊಳ್ಳಲಿಲ್ಲ, ಈಗ ನೋಡಿದ್ರೆ ಅದೇ ನಮ್ ಸಂಪ್ರದಾಯ! ಗಿಟಾರ್ ಕಥೆನೂ ಹಾಗೇ. ಕ್ರಿಸ್ಮಸ್ ರಾತ್ರಿ ಕ್ಯಾಂಡಲ್ ಹಿಡ್ಕೊಂಡು ಹಾಡ್ತೀವಲ್ಲ 'ಸೈಲೆಂಟ್ ನೈಟ್', 1818ರಲ್ಲಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಮೊದಲ ಸಲ ಹಾಡಿದ್ದೇ ಗಿಟಾರ್ ಇಟ್ಕೊಂಡು. ನಿಘಂಟಿನ ಕಿಟೆಲ್ ಸಾಹೇಬ್ರು 1862ರಲ್ಲಿ ಯೇಸುವಿನ ಕಥೆನ ನಮ್ಮ ಧಾಟಿಯ ಪದ್ಯದಲ್ಲಿ 'ಕಥಾಮಾಲೆ' ಅಂತ ಬರೆದ್ರು, ಚರ್ಚಲ್ಲಿ ಜರ್ಮನ್ ರಾಗಗಳೇ ಓಡ್ತಿದ್ದ ಕಾಲದಲ್ಲಿ ಅದೂ ಹೊಸದೇ ಅಲ್ವಾ.

ಶಿಕಾಗೋದ ಥಾಮಸ್ ಡಾರ್ಸಿ ಅಂತೊಬ್ರು, ಬಾರು ಕ್ಲಬ್ಬುಗಳಲ್ಲಿ ಬ್ಲೂಸ್ ಅನ್ನೋ ಅಮೆರಿಕದ ಕಪ್ಪು ಜನರ ಹಾಡಿನ ಧಾಟೀಲಿ ಪಿಯಾನೋ ಬಾರಿಸ್ತಿದ್ದವ್ರು, ಅದೇ ಧಾಟಿ ಭಕ್ತಿಗೀತೆಗೆ ತಂದಾಗ ಎಷ್ಟೋ ಚರ್ಚುಗಳು ಬಾಗಿಲು ಹಾಕ್ಕೊಂಡ್ವು. 1932ರಲ್ಲಿ ಹೆರಿಗೇಲಿ ಹೆಂಡ್ತಿ ಹೋದ್ರು, ಬೆನ್ನಲ್ಲೇ ಮಗುನೂ. ಆ ಸಂಕಟದಲ್ಲಿ 'ಕರ್ತನೇ ನನ್ ಕೈ ಹಿಡಿ' ಅನ್ನೋ ಅರ್ಥದ ಹಾಡು ಕಟ್ಟಿದ್ರು, 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಂತ್ಯಕ್ರಿಯೆಯಲ್ಲಿ ಗಾಯಕಿ ಮಹಾಲಿಯಾ ಜಾಕ್ಸನ್ ಹಾಡಿದ್ದು ಅದನ್ನೇ. ಬಾರಿಂದ ಬಂದ ಧಾಟಿ ಅಂತ ಅವತ್ತು ಯಾರಾದ್ರೂ ಎದ್ದು ಹೋದ್ರಾ?

ನನ್ ತಕರಾರು ಬೇರೆ. ನಮ್ ಸಭೇಲಿ ಹುಡುಗ್ರು ಯೂಟ್ಯೂಬ್ ನೋಡಿ ಹಾಡು ಕಲೀತಾರೆ, ಅಲ್ಲಿ ಹಾಡೋನ ಶ್ರುತಿನೇ ಇಲ್ಲೂ ಇಡ್ತಾರೆ, ಚರಣ ಬರೋಷ್ಟ್ರಲ್ಲಿ ಹೆಂಗಸ್ರಿಗೂ ಗಂಟಲು ಸಿಗಲ್ಲ ಗಂಡಸ್ರಿಗೂ ಸಿಗಲ್ಲ. ಸ್ಪೀಕರ್ ಸೌಂಡಿಗೆ ಪಕ್ಕದವನ ದನಿ ಇರ್ಲಿ ನನ್ ದನಿನೇ ನಂಗೆ ಕೇಳಲ್ಲ. ಪ್ರೊಜೆಕ್ಟರಲ್ಲಿ ಸಾಲು ಬದಲಾಗೋದು ಲೇಟು, ಫಾಂಟ್ ಒಡೆದು ಒತ್ತಕ್ಷರ ಎಲ್ಲೋ ಹೋಗಿ ಕೂತಿರುತ್ತೆ. ಎಂಬತ್ತೊಂದು ವಯಸ್ಸಿನ ನಮ್ಮಮ್ಮ, ಚರ್ಚಿನ ಹಾಡುಗಳ ಸಂಗೀತ ಪುಸ್ತಕ ಅರ್ಧ ಬಾಯಿಪಾಠ ಇರೋರು, ಎರಡನೇ ಸಾಲಿಗೇ ಪುಸ್ತಕ ಮುಚ್ಚಿ ತೊಡೆ ಮೇಲಿಟ್ಕೊಂಡು ಸ್ಟೇಜ್ ನೋಡ್ತಾ ಕೂರ್ತಾರೆ, ಟಿವಿ ನೋಡ್ದಂಗೆ. ದಮ್ಮಡಿ ತಾಳ ಎಲ್ಲ ಬಾರಿಸಿ ಅಂತ ಬೈಬಲ್ಲಿನ ಕೀರ್ತನೆ 150ರಲ್ಲೇ ಇದೆ, ಬಾರಿಸ್ಲಿ, ಆದ್ರೆ ಶ್ವಾಸ ಇರೋದೆಲ್ಲ ಸ್ತುತಿಸ್ಲಿ ಅಂತ ಅದೇ ಕೀರ್ತನೆ ಮುಗಿಯೋದು, ಸ್ಟೇಜ್ ಮೇಲಿನ ಆರು ಜನ ಅಂತಲ್ಲ.

ಹೋದ ಭಾನುವಾರ ಕೀಬೋರ್ಡ್ ಹುಡುಗನ್ ಹತ್ರ ಹೋಗಿ ಶ್ರುತಿ ಎರಡು ಮನೆ ಇಳಿಸಪ್ಪಾ ಅಂದೆ. ಜಗಳಕ್ಕೆ ರೆಡಿಯಾಗೇ ಹೋಗಿದ್ದೆ. "ಅಷ್ಟೇನಾ ಅಂಕಲ್, ಟ್ರಾನ್ಸ್‌ಪೋಸ್ ಬಟನ್ ಇದೆ" ಅಂದು ಒತ್ತಿದ. ಅಮ್ಮ ಮೂರು ಹಾಡು ಪೂರ್ತಿ ಹಾಡಿದ್ರು. ನಾಲ್ಕನೇದಕ್ಕೆ ಒತ್ತೋದು ಮರ್ತ.

ಇಂತಿ,
ಒಬ್ಬ ಹಳೇ ಹಾರ್ಮೋನಿಯಂ ವಾದಕ, ಮೈಸೂರು